ಪಾಠ: ಮಕ್ಕಳ ಬೆನ್ನಿಗೆ ನಿಂತ ಹಿರಿಯರು

ಸಿನಿಮಾ ಅಂದರೆ ನಮಗೆಲ್ಲ ಇಷ್ಟ. ಕೆಲವು ಸಿನಿಮಾಗಳು ನಗಿಸುತ್ತ ನಗಿಸುತ್ತಲೇ ನಮ್ಮ ಮನೆಯ ಮಾತು ಹೇಳುತ್ತವೆ. ಅಂಥ ಒಂದು ಕನ್ನಡ ಸಿನಿಮಾದ ಬಗ್ಗೆ ಈ ಪಾಠದಲ್ಲಿ ಓದೋಣ.

ಇದರ ಹೆಸರು ಸ್ವಲ್ಪ ಉದ್ದ. ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ‘ಹಿ. ಪ್ರಾ.’ ಎಂದರೆ ಹಿರಿಯ ಪ್ರಾಥಮಿಕ. ಶಾಲೆಯ ಗೋಡೆಯ ಮೇಲಿನ ಬೋರ್ಡು ಓದಿದ ಹಾಗೆ ಇದೆ, ಅಲ್ಲವೇ? ಇದು 2018ರ ಆಗಸ್ಟ್ ತಿಂಗಳಲ್ಲಿ ತೆರೆಗೆ ಬಂತು. ನಿರ್ದೇಶಕರು ರಿಷಬ್ ಶೆಟ್ಟಿ. ಅತ್ಯುತ್ತಮ ಮಕ್ಕಳ ಚಿತ್ರ ಎಂದು ಇದಕ್ಕೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು.

ಕಾಸರಗೋಡು ಕೇರಳ ರಾಜ್ಯದಲ್ಲಿದೆ. ಅಲ್ಲಿ ಕನ್ನಡ ಮಾತಾಡುವ ಜನ ಬಹಳ ಇದ್ದಾರೆ. ಸಿನಿಮಾದಲ್ಲಿ ಅಲ್ಲೊಂದು ಕನ್ನಡ ಶಾಲೆ. ಆ ಶಾಲೆಗೆ ಕನ್ನಡ ಬಾರದ ಮಾಸ್ತರರು ಬರುತ್ತಾರೆ. ಅವರು ಹೇಳುವ ಲೆಕ್ಕ ಮಕ್ಕಳಿಗೆ ತಿಳಿಯುವುದಿಲ್ಲ. ಮುಂದೆ ಶಾಲೆಗೇ ಬೀಗ ಬೀಳುತ್ತದೆ. ಮಕ್ಕಳು ಏನು ಮಾಡಬೇಕು?

ಸಹಾಯ ಹುಡುಕಿಕೊಂಡು ಮೈಸೂರಿಗೆ ಹೋಗುತ್ತಾರೆ. ಅಲ್ಲಿ ಅನಂತಪದ್ಮನಾಭ ಎಂಬ ಹಿರಿಯರು ಸಿಗುತ್ತಾರೆ. ಅವರು ಈ ಮಕ್ಕಳ ಬಂಧುವಲ್ಲ. ಅವರ ಊರಿನವರೂ ಅಲ್ಲ. ಆದರೂ ಬರುತ್ತಾರೆ. ಶಾಲೆಯ ಪರವಾಗಿ ಕೋರ್ಟಿನಲ್ಲಿ ವಾದ ಮಾಡುತ್ತಾರೆ. ಮಕ್ಕಳಿಗೆ ಹಿರಿಯರ ಧೈರ್ಯ ಸಿಕ್ಕಿತು. ಹಿರಿಯರಿಗೆ ಮಕ್ಕಳ ಪ್ರೀತಿ ಸಿಕ್ಕಿತು. ಕೊನೆಗೆ ಏನಾಯಿತು ಎಂಬುದನ್ನು ಸಿನಿಮಾ ನೋಡಿ ತಿಳಿಯಿರಿ.

ಈ ಹಿರಿಯರ ಪಾತ್ರ ಮಾಡಿದವರು ಅನಂತ್ ನಾಗ್. ಆಗ ಅವರಿಗೆ ಸುಮಾರು 70 ವರ್ಷ. ಇವರೇ 1974ರಲ್ಲಿ ‘ಅಂಕುರ್’ ಎಂಬ ಹಿಂದಿ ಸಿನಿಮಾದಲ್ಲಿ ನಟಿಸಿದ್ದರು. ಅದು ನಮ್ಮ ತೆಲಂಗಾಣದ ಹಳ್ಳಿಯ ಕಥೆ.

ನಮ್ಮ ಕಡೆಗೂ ಹತ್ತಿರದ ಮಾತು

ಕಾಸರಗೋಡು ದೂರದ ಊರು. ಆದರೆ ಅದರ ಕಥೆ ನಮಗೆ ದೂರವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಅಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದೇ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಸೇರಿದವು. ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ, ಜಹೀರಾಬಾದ್ ಕಡೆಯ ಊರುಗಳೂ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು.

ಗಡಿ ಬದಲಾಯಿತು. ಮನೆಯ ಮಾತು ಬದಲಾಗಲಿಲ್ಲ. ದೌಲತಾಬಾದ್ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜ, ಆಯಿ ಕನ್ನಡ ಮಾತಾಡುತ್ತಾರೆ. ಮೊಮ್ಮಕ್ಕಳು ಶಾಲೆಯಲ್ಲಿ ತೆಲುಗು ಓದುತ್ತಾರೆ. ತೆಲುಗು ಕಲಿಯುವುದು ಒಳ್ಳೆಯದೇ. ಆದರೆ ಕನ್ನಡ ಮನೆಯಲ್ಲೇ ನಿಂತುಹೋದರೆ? ಆಯಿ ಹೇಳುವ ಮಾತು ಮೊಮ್ಮಗನಿಗೆ ತಿಳಿಯದೆ ಹೋಗುತ್ತದೆ.

ಸಂವಿಧಾನದ 350ಎ ವಿಧಿ ಈ ಬಗ್ಗೆ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳು ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಅನುಕೂಲ ಇರಬೇಕು. ಅದನ್ನು ಒದಗಿಸಲು ಸರ್ಕಾರ ಪ್ರಯತ್ನಿಸಬೇಕು. ಸರ್ಕಾರ ಮಾಡುವ ಕೆಲಸ ಒಂದು. ಮನೆಯಲ್ಲಿ ನಾವು ಮಾಡುವ ಕೆಲಸ ಇನ್ನೊಂದು. ಈ ಮಾತುಕತೆ ಓದಿ.

ಮೊಮ್ಮಗ: ಆಯಿ, ಏನ್ ಓದ್ಲಾಕತ್ತಿ?
ಆಯಿ: ಕನ್ನಡ ಪುಸ್ತಕ, ತಮ್ಮಾ. ಈಗೀಗ ಓದ್ಲಾಕ ಬರ್ತದ.
ಮೊಮ್ಮಗ: ಈ ‘ಲ’ ನಮ್ಮ ತೆಲುಗು ‘ಲ’ ಇದ್ದಂಗೇ ಅದ! ‘ಕ’ ಮಾತ್ರ ಬ್ಯಾರೆ.
ಆಯಿ: ಹೌದಲ್ಲ! ಹಂಗಾದ್ರ ನಿನಗೂ ಲಗೂನ ಬರ್ತದ. ಇಲ್ಲಿ ಓದು.
ಮೊಮ್ಮಗ: ಹ... ಗೇ... ವು. ಹಗೇವು! ಹಂಗಂದ್ರ ಏನು ಆಯಿ?
ಆಯಿ: ಜ್ವಾಳ ತುಂಬಿಡಲಾಕ ನೆಲದಾಗ ತೋಡಿದ ಗುಂಡಿ. ನಿಮ್ಮ ಮುತ್ಯಾ ಅದರಾಗ ಇಳೀತಿದ್ದ. ಇಳಿಯೂಕಿಂತ ಮೊದಲ ಬಾಯಿ ತೆಗೆದು ಗಾಳಿ ಆಡಲಾಕ ಬಿಡತಿದ್ರು. ಇಲ್ಲಂದ್ರ ಒಳಗ ಉಸಿರು ಕಟ್ತದ.
ಮೊಮ್ಮಗ: ನಮ್ಮ ಶಾಲೆ ಪುಸ್ತಕದಾಗ ಇದು ಇಲ್ಲೇ ಇಲ್ಲ!

ನೋಡಿದಿರಾ? ಮೊಮ್ಮಗನಿಗೆ ಅಕ್ಷರದ ಗುರುತು ಗೊತ್ತಿತ್ತು. ಆಯಿಗೆ ಮಾತಿನ ಅರ್ಥ ಗೊತ್ತಿತ್ತು. ಇಬ್ಬರೂ ಸೇರಿದಾಗ ಓದು ಪೂರ್ತಿಯಾಯಿತು. ವಯಸ್ಸಾದ ಮೇಲೆ ಓದು ಯಾಕೆ ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ. ನೀವು ಕಲಿತ ಅಕ್ಷರ ನಿಮ್ಮ ಮೊಮ್ಮಕ್ಕಳಿಗೂ ಬೇಕು.

ಹೊಸ ಪದಗಳು
ನಿರ್ದೇಶಕ – ಸಿನಿಮಾ ಹೇಗಿರಬೇಕೆಂದು ಹೇಳಿ ಮಾಡಿಸುವವರು
ಅಲ್ಪಸಂಖ್ಯಾತರು – ಸಂಖ್ಯೆಯಲ್ಲಿ ಕಡಿಮೆ ಇರುವವರು
ವಿಧಿ – ಸಂವಿಧಾನದ ಒಂದು ನಿಯಮ

ಉತ್ತರ ಹೇಳಿ
1. ಸಿನಿಮಾದ ಮಕ್ಕಳಿಗೆ ಲೆಕ್ಕ ಯಾಕೆ ತಿಳಿಯಲಿಲ್ಲ?
2. 1956ರ ನವೆಂಬರ್ 1ರಂದು ನಮ್ಮ ಕಡೆ ಏನಾಯಿತು?
3. ಹಗೇವಿಗೆ ಇಳಿಯುವ ಮೊದಲು ಗಾಳಿ ಆಡಲು ಯಾಕೆ ಬಿಡಬೇಕು?

ಮಾಡಿ ನೋಡಿ
ಹೊಲ, ಅಡುಗೆ, ಹಬ್ಬಕ್ಕೆ ಸೇರಿದ ಐದು ಹಳೆಯ ಕನ್ನಡ ಮಾತು ನೆನೆಯಿರಿ. ಅವನ್ನು ಬರೆಯಿರಿ. ಮನೆಯ ಮಕ್ಕಳ ಕೈಯಲ್ಲಿ ಓದಿಸಿ. ಅರ್ಥ ನೀವು ಹೇಳಿ.