ಎರಡು ಮದುವೆ, ಒಂದೇ ನಂಬರ್

ದುದ್ದದಂಥ ಹೋಬಳಿ ಊರಿನಲ್ಲಿ ಸ್ಟುಡಿಯೋ ಜೊತೆಗೆ ಡಿಟಿಪಿಯನ್ನೂ ನಡೆಸುವವರ ಕಂಪ್ಯೂಟರಿನಲ್ಲಿ ಸುತ್ತಲ ಹಳ್ಳಿಗಳ ಮದುವೆ, ಬೀಗರೂಟ, ನಾಮಕರಣಗಳೆಲ್ಲ ತುಂಬಿಕೊಂಡಿರುತ್ತವೆ. ಆಲ್ಬಂ ಕೊಟ್ಟು ದುಡ್ಡು ತಗೊಂಡ ಮೇಲೆ ನಮ್ಮ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಮಕ್ಕಳು ಬರುತ್ತಾರೆ: "ಅಣ್ಣ, ತಂಗಿ ಮದ್ವೇಲಿ ನಮ್ಮವ್ವನ್ ಫೋಟೋ ತೆಗ್ದಿದ್ರಲ್ಲ, ಐತಾ ನೋಡಿ. ತಿಥಿಗೆ ಕಟ್ಟು ಹಾಕಿಸ್ಬೇಕು." ಎಷ್ಟೋ ಸಲ ಆ ಅವ್ವನ ಬೇರೆ ಒಳ್ಳೆ ಫೋಟೋ ಎಲ್ಲೂ ಇರುವುದಿಲ್ಲ. ಧಾರೆ ಎರೆಯುವಾಗಿನ ಗುಂಪಿನಿಂದ ಅವರ ಮುಖ ಬಿಡಿಸಿ ದೊಡ್ಡದು ಮಾಡಬೇಕು. ವಾಟ್ಸ್‌ಆಪ್‌ನಲ್ಲಿ ಬಂದ ಫೋಟೋ ಅದಕ್ಕೆ ಆಗಿಬರುವುದಿಲ್ಲ, ಕಳಿಸುವಾಗಲೇ ಅದು ಕುಗ್ಗಿರುತ್ತದೆ. ಕ್ಯಾಮೆರಾದ ಮೂಲ ಫೈಲೇ ಬೇಕು.

ಹಾಗಾಗಿ ವಿಂಡೋಸ್ 7ರ ಹಳೇ ಕಂಪ್ಯೂಟರಿನಿಂದ ವಿಂಡೋಸ್ 11ರ ಹೊಸದಕ್ಕೆ ಎಲ್ಲವನ್ನೂ ಸಾಗಿಸಲು ಕೂತಾಗ, ಒಂದು ಫೈಲೂ ಉದುರಬಾರದು ಎಂಬುದೇ ನನ್ನ ಚಿಂತೆ. ಕಟ್ ಮಾಡಲೇ ಇಲ್ಲ, ಕಾಪಿಯನ್ನೇ ಮಾಡಿದೆ. ಕಟ್ ಕೊಟ್ಟು ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಪೆನ್‌ಡ್ರೈವ್ ಮೊದಲ ದಿನವೇ ಕೈಕೊಟ್ಟಿತು. ಅದರಲ್ಲಿ ಜಾಗ ಬೇಕಾದಷ್ಟಿದ್ದರೂ ಮದುವೆ ವಿಡಿಯೋ ಹತ್ತಲಿಲ್ಲ. ಅದು ಎಫ್‌ಎಟಿ32 ಫಾರ್ಮ್ಯಾಟಿನದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಆ ತೊಡಕಿಲ್ಲ. ಆದರೆ ಇಷ್ಟೊಂದು ಸರಕಿಗೆ ಲ್ಯಾನ್ ಕೇಬಲ್ಲೇ ಮೇಲು. ಎರಡೂ ಕಂಪ್ಯೂಟರಿಗೆ ನೇರ ಕೇಬಲ್ ಸಿಕ್ಕಿಸಿ, ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2 ಎಂದು ವಿಳಾಸ ಕೊಟ್ಟು, ಫೋಲ್ಡರ್ ಶೇರ್ ಮಾಡಿದರೆ ಇಂಟರ್‌ನೆಟ್ಟೂ ಬೇಡ. ಎರಡೂ ತುದಿಗೆ ಒಂದೇ ಥರದ ಪಿನ್ ಇರುವ ಸಾದಾ ಯುಎಸ್‌ಬಿ ಕೇಬಲನ್ನು ಮಾತ್ರ ಹೀಗೆ ಜೋಡಿಸಬೇಡಿ. ಫೈಲ್ ಹೋಗುವುದಿಲ್ಲ, ಪೋರ್ಟ್ ಸುಡುವ ಭಯವೂ ಇದೆ.

ನಿಜವಾದ ಎಚ್ಚರ ಬೇಕಾದದ್ದು ಬೇರೆ ಕಡೆ. ಬಿಡಿಬಿಡಿಯಾಗಿದ್ದ ಹಳೇ ಫೋಲ್ಡರುಗಳನ್ನು ಒಟ್ಟುಗೂಡಿಸುವಾಗ ಪರದೆಯ ಮೇಲೆ ಪ್ರಶ್ನೆ ಬಂತು: ಇದೇ ಹೆಸರಿನ ಫೈಲ್ ಇಲ್ಲಿ ಆಗಲೇ ಇದೆ, ಬದಲಿಸಲೇ, ಬಿಡಲೇ, ಹೋಲಿಸಿ ನೋಡುತ್ತೀರಾ? ಅವಸರದವರು ಬದಲಿಸು ಎನ್ನುತ್ತಾರೆ. ನಾನು ಹೋಲಿಸಲು ಒತ್ತಿದೆ. ಪಕ್ಕಪಕ್ಕದಲ್ಲಿ ಎರಡು ಪುಟ್ಟ ಚಿತ್ರ ಮೂಡಿದವು: ಒಂದರಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗಳು, ಇನ್ನೊಂದರಲ್ಲಿ ಯಾರದೋ ಬೀಗರೂಟದ ಪಂಕ್ತಿ. ಎರಡರ ಹೆಸರೂ ಡಿಎಸ್‌ಸಿ_0412. ನಿಕಾನ್ ಕ್ಯಾಮೆರಾ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಎಣಿಸುತ್ತದೆ, ಎರಡು ಕ್ಯಾಮೆರಾ ಇದ್ದರಂತೂ ನಂಬರ್ ಇನ್ನೂ ಬೇಗ ಕೂಡುತ್ತದೆ. ಬದಲಿಸು ಎಂದಿದ್ದರೆ ಒಂದು ಮನೆಯ ಮದುಮಗಳು ಸದ್ದಿಲ್ಲದೆ ಅಳಿಸಿಹೋಗುತ್ತಿದ್ದಳು. ಎರಡಕ್ಕೂ ಟಿಕ್ ಹಾಕಿದರೆ ಎರಡೂ ಉಳಿಯುತ್ತವೆ, ಹೊಸದಾಗಿ ಬಂದದ್ದರ ಹೆಸರಿಗೆ ಒಂದು ಅಂಕಿ ಸೇರಿಕೊಳ್ಳುತ್ತದೆ. ಅವತ್ತಿನಿಂದ ಪ್ರತಿ ಕಾರ್ಯಕ್ಕೂ ವರ್ಷ, ತಿಂಗಳು, ಊರು, ಮನೆತನದ ಹೆಸರಿನ ಫೋಲ್ಡರ್ ಬೇರೆಯೇ.

ಎಲ್ಲ ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಲೆಕ್ಕ, ಬೈಟ್‌ಗಳ ಲೆಕ್ಕ ತಾಳೆ ನೋಡಿದೆ. ಅಷ್ಟಕ್ಕೇ ನಂಬದೆ ಪ್ರತಿ ಫೋಲ್ಡರಿನಿಂದ ಒಂದಷ್ಟು ತೆರೆದೂ ನೋಡಿದೆ.

ಡಿಟಿಪಿ ಕಡತಗಳ ಕಥೆ ಇನ್ನೊಂದು. ಲಗ್ನಪತ್ರಿಕೆ, ಕ್ರಯಪತ್ರ, ಅರ್ಜಿಗಳೆಲ್ಲ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೇ ಫಾಂಟುಗಳಲ್ಲಿ ಕೂಡಿಸಿದವು. ಆ ಫೈಲುಗಳೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ತಲೆ ಮೇಲೆ ಚುಕ್ಕೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳೇ. ಫೈಲ್ ಕೆಟ್ಟಿತೆಂದು ಅಳಿಸಿ ಕೂತವರನ್ನು ನೋಡಿದ್ದೇನೆ. ಕೆಟ್ಟಿರುವುದಿಲ್ಲ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ತಂದು ಹಾಕಿದರೆ ಅಕ್ಷರ ಸರಿಯಾಗುತ್ತದೆ. ಮುಂದಕ್ಕೆ ಬೇಕಾದವನ್ನು ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇನೆ. ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತನೆಯಲ್ಲಿ ಅದು ಕೆಡಬಹುದು, ಓದಿಯೇ ಉಳಿಸಬೇಕು.

ಪೇಜ್‌ಮೇಕರ್ ಕಡತಗಳು ಮಾತ್ರ ಇನ್ನೂ ಹಳೇ ಕಂಪ್ಯೂಟರಿನಲ್ಲೇ ತೆರೆಯುತ್ತಿವೆ. ಅಡೋಬಿ ಆ ತಂತ್ರಾಂಶವನ್ನು 2001ರ 7.0ಕ್ಕೇ ನಿಲ್ಲಿಸಿತು, ಈಗಿನ ಇನ್‌ಡಿಸೈನ್ ಅವನ್ನು ಓದುವುದಿಲ್ಲ. ಬಿಡುವಾದಾಗ ಒಂದೊಂದನ್ನೇ ತೆರೆದು ಪಿಡಿಎಫ್ ಮಾಡಿ ಹೊಸದಕ್ಕೆ ಹಾಕುತ್ತಿದ್ದೇನೆ. ಅದು ಮುಗಿಯುವ ತನಕ ಹಳೆಯದನ್ನು ಮಾರುವುದಿಲ್ಲ, ಅದಕ್ಕೆ ಇಂಟರ್‌ನೆಟ್ಟನ್ನೂ ಕೊಡುವುದಿಲ್ಲ.