ಅರಿಯದ ಕೆಲಸ ಕೈಗೆ ಬಂದಾಗ

ನಮ್ಮ ಗ್ರಾಮಸಭೆಗಳ ಯೌವನಸ್ಥರಲ್ಲಿ ಅನೇಕರು ತಂದೆತಾತಂದಿರು ಕಂಡರಿಯದ ಕೆಲಸಗಳಿಗೆ ಹೋಗುತ್ತಾರೆ. ನೇಗಿಲು ಹಿಡಿದವನ ಮಗನು ಯಂತ್ರದ ಮುಂದೆ ನಿಲ್ಲುತ್ತಾನೆ. ಕೂಲಿಗೆ ಹೋಗುತ್ತಿದ್ದವಳ ಮಗಳು ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಬರೆಯುತ್ತಾಳೆ. ಮೊದಲನೆಯ ವಾರದಲ್ಲಿಯೇ ಇದು ನನ್ನಿಂದಾಗದೆಂದು ಊರಿಗೆ ಹಿಂದಿರುಗಿದವರೂ ಉಂಟು. ಅಂಥವರನ್ನು ಸೋಮಾರಿಗಳೆಂದು ಹಳಿಯುವದು ನ್ಯಾಯವಲ್ಲ. ಯಾಕಂದರೆ ಸೋಮಾರಿಯು ಕೆಲಸಕ್ಕೆ ಅಂಜುವದಿಲ್ಲ, ಅದನ್ನು ಬಿಟ್ಟುಬಿಡುತ್ತಾನೆ ಅಷ್ಟೇ. ಅಂಜುವವನು ಅದನ್ನು ಚೆನ್ನಾಗಿ ಮಾಡಬೇಕೆಂದು ಮನಸ್ಸುಳ್ಳವನೇ. ಧೈರ್ಯವಾಗಿರು ಎಂದು ಅವನಿಗೆ ಹೇಳುವದು ಸುಲಭ. ಉಪದೇಶಿಗಳಾದ ನಾವು ಅದನ್ನು ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ಹೇಳುತ್ತೇವೆ. ಆದರೆ ಆ ಧೈರ್ಯವು ಬರುವದು ಹೇಗೆ? ಇದನ್ನು ನಮ್ಮ ಸಭೆಗಳ ಪೂರ್ವಿಕರ ಚರಿತ್ರೆಯಿಂದ ವಿಚಾರಿಸೋಣ.

ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಆ ಸೀಮೆಯಲ್ಲಿ ಸಭೆಗೆ ಸೇರಿದವರಲ್ಲಿ ಅನೇಕರು ಬಿಲ್ಲವರು. ತಾಳೆಮರ ತೆಂಗಿನಮರಗಳನ್ನು ಹತ್ತಿ ಕಳ್ಳು ಇಳಿಸುವದು ಅವರಲ್ಲಿ ಬಹುಮಂದಿಯ ಕಸುಬಾಗಿತ್ತು. ಸಭೆಗೆ ಸೇರಿದ ಮೇಲೆ ಆ ಕಸುಬನ್ನು ಬಿಡಬೇಕಾಯಿತು. ಕಸುಬಿನ ಸಂಗಡ ಜಾತಿಯವರ ಆಸರೆಯೂ ತಪ್ಪಿತು; ಆದರೆ ಮನೆಯಲ್ಲಿ ಮಕ್ಕಳ ಹಸಿವು ಮಾತ್ರ ಹಾಗೆಯೇ ಇತ್ತು. ಇವರಿಗೆ ಯಾವ ಕೆಲಸವನ್ನು ಕಲಿಸಬೇಕೆಂಬದು ಮಿಶನಿನವರಿಗೂ ತಿಳಿದಿರಲಿಲ್ಲ. ಗದಗದ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನವನ್ನು ನಡಿಸಿ ನೋಡಿದರು. ಮಂಗಳೂರಿನಲ್ಲಿ ಗಡಿಯಾರದ ಕೆಲಸವನ್ನು ಮಾಡಿಸಿ ನೋಡಿದರು. ಅವು ನಿಲ್ಲಲಿಲ್ಲ. ೧೮೫೧ರಲ್ಲಿ ಹಾಲರ್ ಎಂಬ ನೇಕಾರರು ಬಂದ ಮೇಲೆ ನೇಯ್ಗೆಯು ಬೇರೂರಿತು. ಹಗ್ಗವನ್ನೆಳೆದರೆ ಲಾಳಿಯು ಅತ್ತಿಂದಿತ್ತ ಓಡುವ ಮಗ್ಗವದು. ಮರ ಹತ್ತಿ ಬಲಿತ ಕೈಕಾಲುಗಳು ಅಲ್ಲಿ ಒಂದೇ ತಾಳಕ್ಕೆ ಆಡಬೇಕು; ಒಂದು ಎಳೆ ಹರಿದರೂ ನಿಲ್ಲಿಸಿ ಗಂಟುಹಾಕಬೇಕು.

ಆದರೆ ನಮ್ಮ ಪಾಠಕ್ಕೆ ಹೆಚ್ಚು ಬೆಳಕು ಕೊಡುವದು ಹಂಚಿನ ಕೆಲಸ. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಪ್ಲೆಬ್ಸ್ಟ್ ಎಂಬವರು ಮೊದಲು ಮಿಶನಿನ ಛಾಪಖಾನೆಯಲ್ಲಿದ್ದವರು. ಅಕ್ಷರದ ಅಚ್ಚಿನಿಂದ ಮಣ್ಣಿನ ಅಚ್ಚಿಗೆ ಬಂದವರು. ನೇತ್ರಾವತಿ ಗುರುಪುರ ಹೊಳೆಗಳ ಬದಿಯ ಆವೆಮಣ್ಣನ್ನು ತಂದು, ನೆನೆಯಿಸಿ, ನಾದಿ, ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಒತ್ತಿದ ಹಸಿ ಹಂಚಿನ ಅಂಚನ್ನು ಸವರಿ, ಗಾಳಿಯಾಡುವ ನೆರಳಿನಲ್ಲಿ ಹಲಗೆಗಳ ಮೇಲೆ ದಿನಗಟ್ಟಲೆ ಒಣಗಿಸುತ್ತಾರೆ. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಅಂಚು ಮೊದಲು ಕುಗ್ಗುತ್ತದೆ, ನಡುಭಾಗವು ಹಸಿಯಾಗಿಯೇ ಉಳಿಯುತ್ತದೆ. ಹಂಚು ಸೊಟ್ಟಗಾಗುತ್ತದೆ, ಇಲ್ಲವೆ ಸೀಳುತ್ತದೆ. ಒಳಗೆ ತೇವವಿರುವಾಗಲೇ ಬೆಂಕಿಗೆ ಹಾಕಿದರೆ ಆ ನೀರು ಹಬೆಯಾಗಿ ಹಂಚನ್ನು ಒಡೆಯುತ್ತದೆ.

ಈಗ ಒಂದು ಸಂಗತಿಯನ್ನು ಗಮನಿಸಿರಿ. ಹೊಸಬನು ಒತ್ತಿದ ಹಂಚು ಕೆಟ್ಟರೆ ಅದನ್ನು ತೆಗೆದು ಪುನಃ ಮಣ್ಣಿನ ರಾಶಿಗೇ ಹಾಕುತ್ತಾರೆ. ಅಂಚಿನಿಂದ ಸವರಿ ತೆಗೆದದ್ದೂ ಅಲ್ಲಿಗೇ ಹೋಗುತ್ತದೆ. ಹತ್ತು ಹಂಚು ಕೆಟ್ಟರೂ ಮಣ್ಣು ನಷ್ಟವಾಗುವದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಸುಟ್ಟ ಹಂಚಾದರೋ ಹಾಗಲ್ಲ. ಅದನ್ನು ಬೆರಳಿನಿಂದ ಬಡಿದಾಗ ಸ್ವರವು ಗಣಗಣವೆನ್ನದೆ ಮಂಕಾಗಿದ್ದರೆ ಅದು ಬಿರುಕುಬಿಟ್ಟದ್ದು; ಅದನ್ನು ಮರಳಿ ಮಣ್ಣಾಗಿ ಮಾಡುವದಕ್ಕಾಗದು. ಆದಕಾರಣ ಅಚ್ಚಿನ ಬಳಿಯಲ್ಲಿ ಕೆಡುವದಕ್ಕೆ ಅಂಜದೆ ಕೈಯಾಡಿಸಬೇಕು. ಭಟ್ಟಿಯ ಬಳಿಯಲ್ಲಿ ಬಲ್ಲವನ ಕಣ್ಣೆದುರಿಗಲ್ಲದೆ ಬೆಂಕಿಯನ್ನು ಮುಟ್ಟಬಾರದು.

ಹೊಸ ಕೆಲಸದಲ್ಲಿ ಎದೆಯೊಡೆಯುವವರು ಸಾಮಾನ್ಯವಾಗಿ ಈ ಎರಡನ್ನು ಬೆರಸಿಬಿಡುತ್ತಾರೆಂದು ನಮಗೆ ತೋರುತ್ತದೆ. ಎಲ್ಲಾ ತಪ್ಪುಗಳೂ ಅವರಿಗೆ ಸುಟ್ಟ ಹಂಚುಗಳೇ. ಕಂಪ್ಯೂಟರಿನಲ್ಲಿ ತಪ್ಪಾಗಿ ಬರೆದ ಅಕ್ಷರವನ್ನು ಅಳಿಸಬಹುದು. ತಪ್ಪಾದ ಖಾತೆಗೆ ಕಳುಹಿಸಿದ ಹಣವನ್ನು ಹಿಂದಕ್ಕೆ ತರುವದು ಕಷ್ಟ. ಆಸ್ಪತ್ರೆಯಲ್ಲಿ ರಕ್ತದೊತ್ತಡವನ್ನು ಎರಡನೆಯ ಸಾರಿ ಅಳೆಯಬಹುದು. ಸೂಜಿಯಿಂದ ಒಳಗೆ ಹೋದ ಔಷಧವನ್ನು ಹೊರಗೆ ತೆಗೆಯಲಾಗದು. ಆದದರಿಂದ ಕೆಲಸಕ್ಕೆ ಸೇರಿದ ಮೊದಲನೆಯ ದಿನದಲ್ಲಿಯೇ ಮೇಲಿನವರನ್ನು ಹೀಗೆ ಕೇಳಿರಿ: ಅಯ್ಯಾ, ಇಲ್ಲಿ ಯಾವದು ಕೆಟ್ಟರೆ ಸರಿಪಡಿಸಬಹುದು, ಯಾವದು ಕೆಟ್ಟರೆ ಸರಿಪಡಿಸಲಾಗದು? ಇದನ್ನು ಕೇಳುವದರಲ್ಲಿ ನಾಚಿಕೆಯೇನೂ ಇಲ್ಲ. ಉತ್ತರವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿರಿ. ಎರಡನೆಯ ಗುಂಪಿನವು ಹೆಚ್ಚಾಗಿ ಕೆಲವೇ ಇರುತ್ತವೆ; ಅವುಗಳ ಮುಂದೆ ಕೈ ತಡೆದು, ಒಂದು ಸಾರಿ ಉಸಿರು ಬಿಟ್ಟು, ಇನ್ನೊಬ್ಬರಿಗೆ ತೋರಿಸಿ ಮಾಡಿರಿ. ಮಿಕ್ಕವುಗಳಲ್ಲಿ ಧಾರಾಳವಾಗಿ ಕೈಯಾಡಿಸಿರಿ. ನೂರು ಹಸಿ ಹಂಚುಗಳನ್ನು ಒತ್ತದೆ ಯಾರ ಕೈಯೂ ಪಳಗುವದಿಲ್ಲ.

ಕೆಲಸವೆಲ್ಲವನ್ನು ಒಂದೇ ಸಾರಿ ನೋಡುವದೂ ಮನಸ್ಸನ್ನು ಕುಗ್ಗಿಸುತ್ತದೆ. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಹೆಸರುಗಳ ಪಟ್ಟಿಯೆಂದು ನಮ್ಮಲ್ಲಿ ಅನೇಕರು ದಾಟಿಬಿಡುತ್ತಾರೆ. ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರಲ್ಲಿ ಅಕ್ಕಸಾಲಿಗರೂ ಸುಗಂಧದ್ರವ್ಯ ಮಾಡುವವರೂ ಇದ್ದರೆಂದು ಅಲ್ಲಿ ಬರೆದಿದೆ. ಕಟ್ಟಿಸಿದ ನೆಹೆಮೀಯನು ತಾನೇ ಅರಸನ ಪಾನಸೇವಕನಾಗಿದ್ದವನು. ಅವರಲ್ಲಿ ಹಲವರಿಗೆ ಬಂದ ಪಾಲು ತಂತಮ್ಮ ಮನೆಯ ಎದುರಿನ ತುಂಡು ಮಾತ್ರ. ಗೋಡೆಯು ೫೨ ದಿವಸಗಳಲ್ಲಿ ಮುಗಿಯಿತು. ಹಾಗೆಯೇ ಹೊಸಬನು ಈ ವಾರಕ್ಕೆ ಒಂದು ತುಂಡನ್ನು ಆರಿಸಿಕೊಳ್ಳಲಿ: ಯಂತ್ರವನ್ನು ನಡಿಸುವದು ಹೇಗೆಂಬದಕ್ಕೆ ಮುಂಚೆ ನಿಲ್ಲಿಸುವದು ಹೇಗೆಂಬದನ್ನು ಕಲಿಯಲಿ.

ಮಂಗಳೂರು ಸೀಮೆಯ ಹಂಚಿನ ಕಾರ್ಖಾನೆಗಳಲ್ಲಿ ಅನೇಕವು ಈಗ ಮುಚ್ಚಿವೆ. ಕಾಂಕ್ರೀಟಿನ ಮಾಳಿಗೆಗಳು ಬಂದವು, ಒಳ್ಳೆಯ ಮಣ್ಣೂ ಸುಲಭವಾಗಿ ದೊರೆಯದು. ಅಲ್ಲಿ ದುಡಿದವರ ಮೊಮ್ಮಕ್ಕಳು ಮತ್ತೆ ಹೊಸ ಕೆಲಸಗಳ ಬಾಗಲಲ್ಲಿ ನಿಂತಿದ್ದಾರೆ. ಸಭೆಯ ಹಿರಿಯರೇ, ಪಟ್ಟಣದಿಂದ ಹುಡುಗನು ಮೊದಲನೆಯ ರಜೆಗೆ ಮನೆಗೆ ಬಂದಾಗ ಸಂಬಳವೆಷ್ಟೆಂದು ಕೇಳುವದಕ್ಕಿಂತ ಮೊದಲು, ಈ ತಿಂಗಳಲ್ಲಿ ಏನೇನು ಕೆಡಿಸಿದೆಯಪ್ಪಾ, ಅದನ್ನು ಹೇಗೆ ಸರಿಮಾಡಿದೆ ಎಂದು ನಗುತ್ತಾ ಕೇಳಿ ನೋಡಿರಿ. ಅವನು ಕೂತು ಹೇಳುವನು.