ಕುಂಠಿತ ಬೆಳವಣಿಗೆ: ಊರಿನ ದೇಣಿಗೆ ಯಾವ ಮಗುವಿಗೆ ತಲುಪಬೇಕು?



ಅಂಗನವಾಡಿಗೆ ತಟ್ಟೆ, ಕುರ್ಚಿ, ಆಟಿಕೆ ದೇಣಿಗೆ ನೀಡುವ ರೂಢಿ ನಮ್ಮ ಗ್ರಾಮಗಳಲ್ಲಿದೆ. ಅದು ಸ್ವಾಗತಾರ್ಹ, ಆದರೆ ಅದರಿಂದ ಕುಂಠಿತ ಬೆಳವಣಿಗೆ ತಗ್ಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರ ಪ್ರಮಾಣ 2015-16ರಲ್ಲಿ ಶೇ. 36.2, 2019-21ರಲ್ಲಿ ಶೇ. 35.4. ಇಳಿಕೆ ಅತ್ಯಲ್ಪ.

1. ಗುರುತಿಸುವ ಬಗೆ: ತೂಕವೊಂದೇ ಸಾಲದು, ಎತ್ತರವನ್ನೂ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ, ಎರಡು ವರ್ಷ ತುಂಬಿದಾಗ ನಿಂತ ಎತ್ತರವು ಗಂಡುಮಗುವಿಗೆ 81.0 ಸೆಂ.ಮೀ., ಹೆಣ್ಣುಮಗುವಿಗೆ 79.3 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ಕುಂಠಿತ ಬೆಳವಣಿಗೆ.

2. ನಿರ್ಣಾಯಕ ಅವಧಿ: ಗರ್ಭಧಾರಣೆಯಿಂದ ಎರಡು ವರ್ಷದವರೆಗಿನ ಸುಮಾರು 1000 ದಿನಗಳಲ್ಲಿಯೇ ಹೆಚ್ಚಿನ ಹಾನಿಯಾಗುತ್ತದೆ. ಅಂಗನವಾಡಿಯ ಬಿಸಿಯೂಟ 3ರಿಂದ 6 ವರ್ಷದವರಿಗೆ. ಚಿಕ್ಕ ಮಕ್ಕಳ ಪಾಲು ಮನೆಗೆ ಹೋಗಿ ಎಲ್ಲರಲ್ಲಿ ಹಂಚಿಹೋಗುವುದುಂಟು. ಕಳೆ ತೆಗೆಯುವ, ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿ ಹೊಲದಲ್ಲಿರುತ್ತಾಳೆ. ಕೂಸಿಗೆ ಹೊತ್ತಿಗೆ ಸರಿಯಾಗಿ ಉಣಿಸುವವರಿರುವುದಿಲ್ಲ. 2023-24ನೇ ಸಾಲಿನ ಆಯವ್ಯಯದಲ್ಲಿ ಘೋಷಿತವಾದ ‘ಕೂಸಿನ ಮನೆ’ ಈ ಕೊರತೆಯನ್ನು ತುಂಬಬಲ್ಲದು. ದೇಣಿಗೆ ಮೊದಲು ಅಲ್ಲಿಗೆ ತಲುಪಲಿ.

3. ಲೆಕ್ಕ: ಉದಾಹರಣೆಗೆ, 6 ತಿಂಗಳಿಂದ 2 ವರ್ಷದ 20 ಮಕ್ಕಳಿಗೆ ತಿಂಗಳಿಗೆ 25 ದಿನ, ತಲಾ ಒಂದು ಮೊಟ್ಟೆ, ಬೆಲೆ ರೂ. 7 ಎಂದಿಟ್ಟುಕೊಂಡರೆ ತಿಂಗಳಿಗೆ ರೂ. 3,500, ವರ್ಷಕ್ಕೆ ರೂ. 42,000. 300 ಮನೆಗಳ ಊರಿನಲ್ಲಿ ಮನೆಗೆ ವರ್ಷಕ್ಕೆ ರೂ. 140. ಮೊಟ್ಟೆ ಒಲ್ಲದ ಮನೆಗಳಿಗೆ ಹಾಲು, ಮೊಸರು, ಮೆತ್ತಗೆ ಬೇಯಿಸಿ ಮಸೆದ ಬೇಳೆ, ನುಣ್ಣಗೆ ಅರೆದ ಶೇಂಗಾ ನೀಡಬಹುದು. ಹೆಸರು, ಕಡಲೆಯ ರಾಶಿಯ ಕಾಲದಲ್ಲಿ ಧಾನ್ಯರೂಪದ ದೇಣಿಗೆಯನ್ನೂ ಸ್ವೀಕರಿಸಬಹುದು.

4. ಪಾಲಿಸಬೇಕಾದ ಕ್ರಮಗಳು:
ಅ) ದೇಣಿಗೆಯು ಸರ್ಕಾರದ ಆಹಾರಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.
ಆ) ಪ್ರತಿ ದೇಣಿಗೆಗೂ ರಸೀದಿ ನೀಡಿ, ಬಾಲವಿಕಾಸ ಸಮಿತಿಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು.
ಇ) ದೇಣಿಗೆ ಸ್ವಯಂಪ್ರೇರಿತವಾಗಿರಲಿ, ಕೊಡದ ಮನೆಯ ಮಗುವಿಗೂ ಸಮಾನ ಪಾಲು ಸಲ್ಲಬೇಕು.
ಈ) ಮಗುವಿನ ಹೆಸರನ್ನು ಸಭೆಯಲ್ಲಿ ಹೇಳಕೂಡದು, ಸಂಖ್ಯೆ ಸಾಕು.
ಉ) ಕುಡಿಯುವ ನೀರು, ಚರಂಡಿಗಳ ದುರಸ್ತಿಯನ್ನು ಜೊತೆಗೇ ಕೈಗೊಳ್ಳಬೇಕು. ಮೇಲಿಂದ ಮೇಲೆ ಭೇದಿಯಾಗುವ ಮಗುವಿಗೆ ಉಂಡ ಅನ್ನ ಮೈಗೆ ಹತ್ತದು.

ಮುಂದಿನ ಸಭೆಗೆ ಬರುವ ಮುನ್ನ ತಮ್ಮ ವಾರ್ಡಿನಲ್ಲಿ ಎರಡು ವರ್ಷದೊಳಗಿನ ಮಕ್ಕಳೆಷ್ಟು, ಕಳೆದ ಮೂರು ತಿಂಗಳಲ್ಲಿ ಎತ್ತರ ಅಳೆಸಿಕೊಂಡವರೆಷ್ಟು ಎಂಬುದನ್ನು ಅಂಗನವಾಡಿ ಕಾರ್ಯಕರ್ತೆಯಿಂದ ತಿಳಿದು ಬರಬೇಕೆಂದು ಕೋರಲಾಗಿದೆ. ಈ ಎರಡು ಸಂಖ್ಯೆಗಳ ಅಂತರವೇ ನಮ್ಮ ಮೊದಲ ಕೆಲಸ.